ಕಾರ್ಬೋಹೈಡ್ರೇಟ್ ಓದಲಿಕ್ಕೆ ಅಮೆರಿಕಕ್ಕೆ ಹೋಗುವುದಾ? ತಂಗಿಯ ಮಗಳ ಪ್ರಶ್ನೆ, ಉತ್ತರ ನನಗೆ ತಿಳಿಯದು

ಅಂಬಲಪಾಡಿ ಮಾವ
ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾಂಕ್ ಕೆಲಸ, ವಿಜ್ಞಾನದ ಸಂಗ ಪಿಯುಸಿಗೇ ಬಿಟ್ಟಿತು. ತಂಗಿಯ ಮಗಳು ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್. ಮೊನ್ನೆ ಭಾನುವಾರ ಊಟಕ್ಕೆ ಬಂದವಳು, "ಮಾವ, ನಾನು ಕಾರ್ಬೋಹೈಡ್ರೇಟ್ ಮೇಲೆ ಪಿಎಚ್.ಡಿ. ಮಾಡ್ತೇನೆ, ಅಥೆನ್ಸ್‌ನಲ್ಲಿ ಅದಕ್ಕೇ ಅಂತ ಒಂದು ಸೆಂಟರ್ ಉಂಟು" ಎಂದಳು. ನನ್ನ ತಂಗಿ ಅದು ಗ್ರೀಸ್ ದೇಶ ಎಂದುಕೊಂಡಳು. ಅಲ್ಲ, ಜಾರ್ಜಿಯಾ ಎಂದ ಮೇಲೆ ರಷ್ಯಾದ ಪಕ್ಕದ್ದು ಎಂದು ಇನ್ನೂ ಹೆದರಿದಳು. ಕಡೆಗೆ ನಕ್ಷೆ ತೆಗೆದು ನೋಡಿದರೆ ಅಮೆರಿಕದ ಜಾರ್ಜಿಯಾ ರಾಜ್ಯ, ಅಟ್ಲಾಂಟಾದಿಂದ ನೂರು ಚಿಲ್ಲರೆ ಕಿಲೋಮೀಟರ್.

ನನಗೆ ತಿಳಿಯಬೇಕಾದದ್ದು ಇಷ್ಟು. ಅನ್ನ ಸಕ್ಕರೆಯಲ್ಲಿ ಐದು ವರ್ಷ ಓದುವಂಥದ್ದು ಎಂತ ಉಂಟು? ಓದಿದ ಮೇಲೆ ಹೊಟ್ಟೆಗೆ ದಾರಿ ಆಗ್ತದಾ? ಅದೇ ಸೆಂಟರಿನಲ್ಲಿ ಕೆಲವೇ ದಿನದ ತರಬೇತಿಯೂ ಉಂಟಂತೆ, ಅಷ್ಟಕ್ಕೆ ಮುಗಿಸಿದರೆ ಸಾಲದಾ? ತಿಳಿದವರು ಹೇಳಿ.

ಶುಗರ್ ಫ್ಯಾಕ್ಟರಿ
ಮಾವ, ನನ್ನ ಮೈಯಲ್ಲೇ ಒಂದು ಕಾರ್ಬೋಹೈಡ್ರೇಟ್ ಸಂಶೋಧನಾ ಕೇಂದ್ರ ಉಂಟು, ಹನ್ನೊಂದು ವರ್ಷ ಆಯ್ತು. ಮಗಳನ್ನು ಇಲ್ಲಿಗೇ ಕಳಿಸಿ, ವೀಸಾ ಬೇಡ.

ತಮಾಷೆ ಬಿಡಿ, ಯಾರಾದರೂ ಹೇಳಿ: ಕುಚ್ಚಲಕ್ಕಿ ಗಂಜಿ ಉಂಡರೆ ಬೆಳ್ತಿಗೆಯಷ್ಟು ಶುಗರ್ ಏರುವುದಿಲ್ಲ ಎನ್ನುತ್ತಾರಲ್ಲ, ನಿಜವಾ?

ಗಾಜಿನ ಸಾಮಾನು
ಮಾವ, ನಾನು ಕುಂದಾಪುರದವಳು. ಇದೇ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ, ಅದರಲ್ಲಿ ನಾಲ್ಕು ವರ್ಷ ಅಮೆರಿಕದಲ್ಲಿ. ಆ ಸೆಂಟರಿನಲ್ಲಿ ನಾನು ಓದಿದವಳಲ್ಲ. ನಮ್ಮ ಲ್ಯಾಬಿಗೆ ಬಿಡಿಸಲಾಗದ ಸ್ಯಾಂಪಲ್ ಬಂದರೆ ಅಲ್ಲಿಗೆ ಕಳಿಸುತ್ತಿದ್ದೆವು, ಹಣ ಕೊಟ್ಟರೆ ಹೊರಗಿನವರ ಸ್ಯಾಂಪಲನ್ನೂ ವಿಶ್ಲೇಷಿಸಿ ಕೊಡುತ್ತಾರೆ.

ಅವಳು ಹೇಳಿದ್ದು ಕಾಂಪ್ಲೆಕ್ಸ್ ಕಾರ್ಬೋಹೈಡ್ರೇಟ್ ರಿಸರ್ಚ್ ಸೆಂಟರ್, ಯೂನಿವರ್ಸಿಟಿ ಆಫ್ ಜಾರ್ಜಿಯಾದ್ದು. ಪೀಟರ್ ಆಲ್ಬರ್‌ಶೈಮ್, ಆಲನ್ ಡಾರ್ವಿಲ್ ಇಬ್ಬರೂ ಕೊಲರಾಡೊದಿಂದ ತಮ್ಮ ತಂಡ ಕಟ್ಟಿಕೊಂಡು ಬಂದು 1985ರಲ್ಲಿ ಶುರು ಮಾಡಿದ್ದು. ಅವರು ಮೂಲತಃ ಗಿಡದ ಜೀವಕೋಶದ ಗೋಡೆ ಬಿಡಿಸಿ ನೋಡುತ್ತಿದ್ದವರು. ಈಗ ಅಲ್ಲಿ ಗಿಡವೂ ಉಂಟು, ಬ್ಯಾಕ್ಟೀರಿಯಾವೂ ಉಂಟು, ಮನುಷ್ಯನ ರೋಗವೂ ಉಂಟು. ಕೋವಿಡ್ ವೈರಸ್ಸಿನ ಮೇಲಿನ ಮುಳ್ಳು ನೆನಪಿದೆಯಲ್ಲ? ಅದರ ಒಂದೊಂದು ಪ್ರೋಟೀನಿನಲ್ಲೂ ಸಕ್ಕರೆ ಸರಪಳಿ ಕೂರುವ 22 ಜಾಗ ಉಂಟು. ಯಾವ ಜಾಗದಲ್ಲಿ ಎಂಥ ಸರಪಳಿ ಕೂತಿದೆ ಎಂದು 2020ರಲ್ಲೇ ಗುರುತಿಸಿದವರಲ್ಲಿ ಅಲ್ಲಿನ ತಂಡವೂ ಒಂದು.

ಇನ್ನು "ಓದುವಂಥದ್ದು ಎಂತ ಉಂಟು" ಎಂದಿರಿ. ಎರಡು ಗ್ಲೂಕೋಸ್ ತೆಗೆದುಕೊಳ್ಳಿ. ಒಂದಕ್ಕೊಂದು ಎಷ್ಟು ರೀತಿ ಜೋಡಿಸಬಹುದು ಹೇಳಿ? 11 ರೀತಿ. ಹನ್ನೊಂದೂ ಬೇರೆ ಬೇರೆ ಪದಾರ್ಥ. ಒಂದು ಥರ ಜೋಡಿಸುತ್ತಾ ಹೋದರೆ ಅಕ್ಕಿಯ ಪಿಷ್ಟ. ಆ ಕೊಂಡಿಯ ದಿಕ್ಕು ಒಂದೇ ಒಂದು ತಿರುವಿದರೆ ಸೆಲ್ಯುಲೋಸ್, ಅಂದರೆ ನೀವು ಉಟ್ಟ ಹತ್ತಿ ಪಂಚೆ. ಒಂದೇ ಪೈರಿನಲ್ಲಿ ಮೇಲೆ ತೆನೆ, ಕೆಳಗೆ ಬೈಹುಲ್ಲು, ಎರಡರಲ್ಲೂ ಅದೇ ಗ್ಲೂಕೋಸ್. ತೆನೆ ನಮಗೆ, ಹುಲ್ಲು ದನಕ್ಕೆ. ದನಕ್ಕೂ ತಾನಾಗಿ ಜೀರ್ಣಿಸಲಿಕ್ಕಾಗುವುದಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾಡಿಕೊಡುತ್ತವೆ.

ಮೂರು ಬೇರೆ ಬೇರೆ ಅಮೈನೋ ಆಮ್ಲ ಸಾಲಾಗಿ ಜೋಡಿಸಿದರೆ 6 ರೀತಿ ಬರುತ್ತದೆ. ಮೂರು ಬೇರೆ ಬೇರೆ ಸಕ್ಕರೆ ಜೋಡಿಸಿದರೆ ಸಾವಿರ ದಾಟುತ್ತದೆ. ಪ್ರೋಟೀನಿಗೆ ಜೀನಿನಲ್ಲಿ ಪಾಠ ಬರೆದಿಟ್ಟಿರುತ್ತದೆ, ಜೀನ್ ಓದಿದರೆ ಪ್ರೋಟೀನಿನ ಸಾಲು ಗೊತ್ತಾಯಿತು. ಸಕ್ಕರೆ ಸರಪಳಿಗೆ ಅಂಥ ಪಾಠ ಎಲ್ಲೂ ಇಲ್ಲ. ಕಿಣ್ವಗಳು ಒಂದೊಂದಾಗಿ ತಂದು ಅಂಟಿಸಿದ್ದು, ಅಂಟಿಸಿದ ಮೇಲೆ ನಾವು ಒಡೆದೇ ನೋಡಬೇಕು. ಐದು ವರ್ಷ ಹೋಗುವುದು ಅಲ್ಲಿ.

ಅಂಬಲಪಾಡಿ ಮಾವ
ಪಂಚೆ ಮತ್ತು ಅನ್ನ ಒಂದೇ ಸಾಮಾನು ಎಂದು ತಂಗಿಗೆ ಓದಿ ಹೇಳಿದೆ. ಅವಳು ಪಂಚೆಗೆ ಗಂಜಿ ಹಾಕುವುದು ಅದಕ್ಕೇ ಇರಬೇಕು ಎಂದಳು.

ಒಡೆದು ನೋಡುವುದು ಎಂದಿರಲ್ಲ, ಅದು ಹೇಗೆ?

ಗಾಜಿನ ಸಾಮಾನು
ತಂಗಿಯವರು ಹೇಳಿದ್ದು ತಪ್ಪಲ್ಲ. ಎರಡೂ ಸೋದರ ಸಂಬಂಧಿಗಳು, ಚೆನ್ನಾಗಿ ಹಿಡಿದುಕೊಳ್ಳುತ್ತವೆ.

ಒಡೆಯುವುದಕ್ಕೆ ಬಹಳ ದಾರಿಗಳು. ಒಂದನ್ನು ಹೇಳುತ್ತೇನೆ, ನನ್ನ ಮಾನ ಕಳೆದದ್ದು ಅದರಲ್ಲೇ. ಒಂದು ಸಾಲು ಮಕ್ಕಳು ಕೈ ಕೈ ಹಿಡಿದು ನಿಂತಿದ್ದಾರೆ ಎಂದುಕೊಳ್ಳಿ. ಅವರ ಮೇಲೆ ಓಕುಳಿ ಎರಚಿ, ಆಮೇಲೆ ಕೈ ಬಿಡಿಸಿ. ಯಾವ ಅಂಗೈಗೆ ಬಣ್ಣ ತಾಗಲಿಲ್ಲವೋ ಅದು ಪಕ್ಕದವನನ್ನು ಹಿಡಿದಿದ್ದ ಕೈ. ಮೆಥಿಲೇಶನ್ ಎಂದರೆ ಅಷ್ಟೇ. ಸರಪಳಿಯಲ್ಲಿ ಖಾಲಿ ಇರುವ ಕೈಗಳಿಗೆಲ್ಲ ಮೀಥೈಲ್ ಬಣ್ಣ ಹಚ್ಚಿ, ಆಮ್ಲದಲ್ಲಿ ಸರಪಳಿ ತುಂಡರಿಸಿ, ತುಂಡುಗಳನ್ನು ಯಂತ್ರಕ್ಕೆ ಕೊಟ್ಟು ಯಾವ ಕೈಗೆ ಬಣ್ಣ ತಾಗಿಲ್ಲ ಎಂದು ಓದುವುದು.

ಬಣ್ಣ ಹಚ್ಚುವಾಗ ನೀರಿನ ಪಸೆ ಇರಬಾರದು. ನಾನು ಮೊದಲು ಈ ಕೆಲಸ ಮಾಡಿದ್ದು ನಮ್ಮೂರ ಕಡೆಯ ಒಂದು ಲ್ಯಾಬಿನಲ್ಲಿ, ಜೂನ್ ತಿಂಗಳು. ಕಾಸ್ಟಿಕ್ ಸೋಡಾ ಹರಳನ್ನು ಬಾಟಲಿಯಿಂದ ತೆಗೆದು ತಕ್ಕಡಿಗೆ ಹಾಕುವಷ್ಟರಲ್ಲಿ ಅದು ಬೆವರಿ ಅಂಟಂಟಾಗುತ್ತಿತ್ತು. ಹೊರಗೆ ಧೋ ಎಂದು ಮಳೆ, ಒಳಗೆ ಎಸಿ ಕೆಟ್ಟು ಕೂತಿತ್ತು. ಆದರೂ ಮಾಡಿದೆ. ಫಲಿತಾಂಶದಲ್ಲಿ ನನ್ನ ಸರಪಳಿಗೆ ಎಲ್ಲೆಲ್ಲೂ ಕವಲು! ಮೂರು ವಾರ ಹೊಸದೇನೋ ಕಂಡುಹಿಡಿದೆ ಎಂದು ಹಿಗ್ಗಿದ್ದೇ ಹಿಗ್ಗಿದ್ದು. ನಮ್ಮ ಮೇಡಂ ಮೈಸೂರಿನಿಂದ ಬಂದವರು ಕಾಗದ ನೋಡಿ, ಹರಳಿನ ಬಾಟಲಿ ನೋಡಿ, "ಇದು ಕವಲಲ್ಲಮ್ಮ, ಮುಂಗಾರು" ಎಂದರು. ಬಣ್ಣ ಸರಿಯಾಗಿ ಹಿಡಿಯದ ಕೈಗಳೆಲ್ಲ ಹಿಡಿದುಕೊಂಡ ಕೈಗಳ ಹಾಗೆ ಕಂಡಿದ್ದವು.

ಆ ಸೆಂಟರಿನ ತರಬೇತಿಯ ಬೆಲೆ ಇರುವುದು ಇಂಥದ್ದಕ್ಕೆ. ವಿಧಾನ ಕಾಗದದ ಮೇಲೆ ಎಲ್ಲರಿಗೂ ಸಿಗುತ್ತದೆ. ಹರಳು ಯಾವಾಗ ಕೆಟ್ಟಿತು ಎಂದು ಪಕ್ಕದಲ್ಲಿ ನಿಂತು ತೋರಿಸುವವರು ಬೇಕು.

ಕೊಕ್ಕೆ ಗರಿ
ನನ್ನದು ಪುತ್ತೂರು ಹತ್ತಿರ ತೋಟ. ನನಗೂ ಇಲ್ಲಿ ಕೆಲಸ ಇಲ್ಲ, ಆದರೆ "ಗಿಡದ ಜೀವಕೋಶದ ಗೋಡೆ" ಎಂದು ಕಂಡಿತು, ಹಾಗಾಗಿ ಕೇಳುತ್ತೇನೆ ಅಕ್ಕ. ನಮ್ಮ ತೆಂಗಿನ ಸಸಿಗಳಲ್ಲಿ ಹೊಸ ಗರಿ ಬಿಚ್ಚಿಕೊಳ್ಳದೆ ತುದಿ ಕೊಕ್ಕೆ ಹಾಗೆ ಮಡಚಿ ಬರ್ತದೆ. ಬೋರಾನ್ ಕೊರತೆ, ಬೋರಾಕ್ಸ್ ಹಾಕಿ ಎಂದರು. ಹಾಕಿದೆ, ಮುಂದಿನ ಗರಿಗಳು ಸರಿಯಾದವು. ಒಂದು ಚಿಟಿಕೆ ಬೋರಾಕ್ಸಿಗೂ ಗರಿ ಬಿಚ್ಚುವುದಕ್ಕೂ ಎಂತ ಸಂಬಂಧ ಎಂದು ಕೇಳಿದರೆ "ಸೂಕ್ಷ್ಮ ಪೋಷಕಾಂಶ" ಎನ್ನುತ್ತಾರೆ. ಅದು ಹೆಸರಾಯಿತು, ಕಾರಣ ಆಗಲಿಲ್ಲ ಅಲ್ವಾ?

ಗಾಜಿನ ಸಾಮಾನು
ಅಣ್ಣ, ನೀವು ಕೇಳಿದ್ದು ಆ ಸೆಂಟರಿನವರ ಅತಿ ದೊಡ್ಡ ಕೆಲಸಗಳಲ್ಲಿ ಒಂದನ್ನೇ. ಕೂತು ಬರೆಯುತ್ತೇನೆ.

ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಎಂಬ ಸಕ್ಕರೆ ಸರಪಳಿಗಳ ಗುಂಪು ಉಂಟು. ಪೇರಳೆ ಹಣ್ಣಿನ ಜಾಮ್ ಗಟ್ಟಿಯಾಗುತ್ತದಲ್ಲ, ಅದೇ. ಅದರಲ್ಲಿ ಒಂದು ತುಂಡಿನ ಹೆಸರು ರ‍್ಯಾಮ್ನೋಗ್ಯಾಲಕ್ಟುರೋನಾನ್-2. ಬಾಯಿ ತಿರುಗುವುದಿಲ್ಲ, ಆರ್‌ಜಿ-2 ಎನ್ನೋಣ. 1978ರಲ್ಲಿ, ಇನ್ನೂ ಕೊಲರಾಡೊದಲ್ಲಿದ್ದಾಗಲೇ ಆಲ್ಬರ್‌ಶೈಮ್, ಡಾರ್ವಿಲ್ ಮತ್ತು ಅವರ ಜೊತೆಯವರು ಇದನ್ನು ಬೇರ್ಪಡಿಸಿದ್ದರು. ಹನ್ನೆರಡು ಹದಿಮೂರು ಬಗೆಯ ಸಕ್ಕರೆ ಒಂದೇ ತುಂಡಿನಲ್ಲಿ, ಕೆಲವಂತೂ ಬೇರೆಲ್ಲೂ ಕಾಣದಂಥವು. ಇಷ್ಟು ಜಟಿಲವಾದದ್ದನ್ನು ಗಿಡ ಯಾಕೆ ಕಟ್ಟುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ.

1996ರಲ್ಲಿ ಉತ್ತರ ಸಿಕ್ಕಿತು, ಜಾರ್ಜಿಯಾದವರಿಗೂ ಜಪಾನಿನ ಇನ್ನೊಂದು ತಂಡಕ್ಕೂ ಅದೇ ವರ್ಷ. ಎರಡು ಆರ್‌ಜಿ-2 ತುಂಡುಗಳ ನಡುವೆ ಒಂದು ಬೋರಾನ್ ಕೂತು ಗುಂಡಿ ಹಾಕುತ್ತದೆ. ಅಂಗಿಯ ಗುಂಡಿಯ ಹಾಗೆಯೇ. ಗುಂಡಿ ಬಿದ್ದರೆ ಗೋಡೆಗೆ ಬಿಗಿ ಬರುತ್ತದೆ, ಬೆಳೆಯುವ ಎಲೆ ಸರಿಯಾಗಿ ಹಿಗ್ಗುತ್ತದೆ. ಬೋರಾನ್ ಸಾಲದಿದ್ದರೆ ಗುಂಡಿಯಿಲ್ಲದ ಅಂಗಿ. ಹೊಸ ಗರಿಯಲ್ಲಿ ಮೊದಲು ಕಾಣುವುದು ಅದಕ್ಕೇ, ಹಳೆ ಗರಿಗೆ ಗುಂಡಿ ಆಗಲೇ ಬಿದ್ದಾಗಿದೆ.

2001ರಲ್ಲಿ ಇನ್ನೊಂದು ಚಂದದ ಕೆಲಸ ಬಂತು. ಅರಾಬಿಡಾಪ್ಸಿಸ್ ಎಂಬ ಸಣ್ಣ ಕಳೆಗಿಡದಲ್ಲಿ ಫ್ಯೂಕೋಸ್ ಎಂಬ ಒಂದೇ ಸಕ್ಕರೆ ತಪ್ಪಿದ ಕುಳ್ಳ ತಳಿ ಇತ್ತು. ಆ ಸಕ್ಕರೆ ಇಲ್ಲದೆ ಗುಂಡಿ ಸರಿಯಾಗಿ ಕೂರುತ್ತಿರಲಿಲ್ಲ. ಮೇಲಿನಿಂದ ಹೆಚ್ಚು ಬೋರಾನ್ ಕೊಟ್ಟರು, ಕುಳ್ಳ ಗಿಡ ಎತ್ತರವಾಯಿತು. ನಿಮ್ಮ ತೋಟದಲ್ಲಿ ನೀವು ಮಾಡಿದ್ದರ ಅಣ್ಣನೋ ತಮ್ಮನೋ ಅದು.

ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಮೂರು ನಾಲ್ಕು ತಿಂಗಳು ಮಳೆ ಹೊಡೆದರೆ ಬೋರಾನ್ ತೊಳೆದು ಹೋಗುತ್ತದೆ. ಹಾಗೆಂದು ಕಂಡಾಬಟ್ಟೆ ಹಾಕಬೇಡಿ, ಹೆಚ್ಚಾದರೆ ವಿಷವೇ.

ಕೊಕ್ಕೆ ಗರಿ
ಗುಂಡಿ! ಇಪ್ಪತ್ತು ವರ್ಷಕ್ಕೆ ಮೊದಲ ಸಲ ಅರ್ಥ ಆಯ್ತು. ಮಾವ, ನಿಮ್ಮ ಹುಡುಗಿಯನ್ನು ಕಳಿಸಿ.

ಶುಗರ್ ಫ್ಯಾಕ್ಟರಿ
ನನ್ನ ಕುಚ್ಚಲಕ್ಕಿ?

ಕುಡುತ ಸಾರ್
ತಾಳಿ ಮಾರಾಯ್ರೆ, ನನ್ನದೊಂದು ಆಗಲಿ. ಮಂಗಳೂರಿನ ಒಂದು ರಕ್ತನಿಧಿಯಲ್ಲಿ ಟೆಕ್ನಿಷಿಯನ್ ನಾನು. ರಕ್ತದ ಗುಂಪು ಎನ್ನುವುದೂ ಸಕ್ಕರೆಯೇ ಎಂದು ಎಷ್ಟು ಜನಕ್ಕೆ ಗೊತ್ತು? ಕೆಂಪು ಕಣದ ಮೇಲಿನ ಸರಪಳಿಯ ತುದಿಗೆ ಗ್ಯಾಲಕ್ಟೋಸ್ ಕೂತರೆ ಬಿ, ಅದರ ಬದಲಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಕೂತರೆ ಎ, ಎರಡೂ ಇಲ್ಲದಿದ್ದರೆ ಓ. ಅದಕ್ಕೂ ಹಿಂದಿನ ಫ್ಯೂಕೋಸ್ ಕೂಡ ಕೂರದಿದ್ದರೆ ಬಾಂಬೆ ಗುಂಪು, 1952ರಲ್ಲಿ ಮುಂಬೈಯಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಕಂಡುಹಿಡಿದದ್ದು. ಒಂದು ಸಕ್ಕರೆ ಹೆಚ್ಚು ಕಡಿಮೆ ಆದರೆ ತಪ್ಪು ರಕ್ತ ಕೊಟ್ಟು ಜೀವ ಹೋಗುತ್ತದೆ.

ಈಗ ತಮಾಷೆ ಕೇಳಿ. ಎ ಗುಂಪಿನಲ್ಲೇ ಎ1, ಎ2 ಎಂದು ಉಂಟು. ಅದನ್ನು ಬೇರೆ ಮಾಡಲಿಕ್ಕೆ ನಾವು ಬಳಸುವ ದ್ರಾವಣ ಯಾವುದರಿಂದ ಬರ್ತದೆ? ಹುರುಳಿಯಿಂದ! ನಮ್ಮ ಕುಡು. ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ಎ1 ಕಣದ ಸಕ್ಕರೆಯನ್ನು ಗುರುತಿಸಿ ಹಿಡಿಯುತ್ತದೆ. ನಾನು ಕಲಿಯುವಾಗ ನಮ್ಮ ಹಿರಿಯರೊಬ್ಬರು ಮಾಡಿ ತೋರಿಸಿದ್ದರು. ಹಸಿ ಹುರುಳಿ ಪುಡಿ ಮಾಡಿ, ಸಲೈನಿನಲ್ಲಿ ನೆನೆಸಿ, ಸೋಸಿ, ಎ1 ಕಣ ಮಾತ್ರ ಗಂಟು ಕಟ್ಟಿ ಎ2 ಕಟ್ಟದ ಮಟ್ಟಕ್ಕೆ ತೆಳು ಮಾಡುತ್ತಾ ಬರುವುದು. ಟೈಲಿನ ಮೇಲೆ ಕೆಂಪು ಹನಿ ಓಲಾಡಿಸಿದಾಗ ರವೆ ರವೆಯಾಗಿ ಒಡೆಯುವುದನ್ನು ನೋಡಿ ನನಗೆ ಅಜ್ಜಿಯ ಅಡುಗೆಮನೆ ನೆನಪಾಯಿತು. ಸಾರು ಉಂಡರೆ ರಕ್ತ ಗಂಟು ಕಟ್ಟುತ್ತದಾ ಎಂದು ಕೇಳಿದ್ದೆ, ಬೈದಿದ್ದರು. ಬೇಯಿಸಿದರೆ ಅದರ ಆಟ ಮುಗಿಯಿತು.

ಗಾಜಿನ ಸಾಮಾನು
ಹಲಸಿನ ಬೀಜವನ್ನೂ ಸೇರಿಸಿ. ಅದರ ಲೆಕ್ಟಿನ್ನಿಗೆ ಜಾಕಲಿನ್ ಎಂದೇ ಹೆಸರು, ಜಾಕ್‌ಫ್ರೂಟಿನಿಂದ. ಐಜಿಎ1 ಎಂಬ ಪ್ರತಿಕಾಯವನ್ನು ಉಳಿದವುಗಳಿಂದ ಬೇರ್ಪಡಿಸಲಿಕ್ಕೆ ಲ್ಯಾಬುಗಳಲ್ಲಿ ಬಳಸುತ್ತಾರೆ. ಅದರ ರಚನೆ ಬಿಡಿಸಿದ್ದು ನಮ್ಮ ಬೆಂಗಳೂರಿನ ಐಐಎಸ್ಸಿಯಲ್ಲಿ, ಎಂ. ವಿಜಯನ್ ಅವರ ತಂಡ, 1996ರಲ್ಲಿ. ನಾವು ಸಾಂತಾಣಿ ಮಾಡಿ ತಿನ್ನುವುದನ್ನು ಹೊರದೇಶದವರು ಮಿಲಿಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಶುಗರ್ ಅವರೇ, ಕ್ಷಮಿಸಿ. ಕುಚ್ಚಲಕ್ಕಿ ಮಾಡುವಾಗ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುತ್ತಾರೆ. ಬೆಂದಾಗ ಪಿಷ್ಟದ ಹರಳು ಒಡೆಯುತ್ತದೆ, ಆರಿದಾಗ ಅದರಲ್ಲಿ ಉದ್ದ ಸರಪಳಿಯ ಅಮೈಲೋಸ್ ಮತ್ತೆ ಒತ್ತಾಗಿ ಕೂರುತ್ತದೆ. ಹಾಗೆ ಕೂತ ಪಿಷ್ಟಕ್ಕೆ ನಮ್ಮ ಹೊಟ್ಟೆಯ ಕಿಣ್ವ ಸುಲಭದಲ್ಲಿ ಬಾಯಿ ಹಾಕುವುದಿಲ್ಲ. ತಂಗಳನ್ನದಲ್ಲೂ ಅದೇ. ಆದರೆ ತಳಿಯ ಮೇಲೆ, ಬೇಯಿಸಿದ ಹದದ ಮೇಲೆ ಬಹಳ ವ್ಯತ್ಯಾಸ. ಉಳಿದದ್ದೆಲ್ಲ ಗ್ಲೂಕೋಸೇ. ಕುಚ್ಚಲಕ್ಕಿ ಎಂದು ಮೂರು ಬಟ್ಟಲು ಗಂಜಿ ಸುರಿದುಕೊಂಡರೆ ಅಮೈಲೋಸ್ ನಿಮ್ಮನ್ನು ಕಾಯಲಿಕ್ಕಿಲ್ಲ. ಉಂಡು ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ, ನಿಮ್ಮ ಯಂತ್ರ ಹೇಳಿದ್ದೇ ನಿಮಗೆ ಸತ್ಯ.

ಶುಗರ್ ಫ್ಯಾಕ್ಟರಿ
ಮೂರು ಬಟ್ಟಲು ಎಂದು ನಿಮಗೆ ಯಾರು ಹೇಳಿದ್ದು? ನನ್ನ ಹೆಂಡತಿ ಈ ಗುಂಪಿನಲ್ಲಿ ಇದ್ದಾಳಾ?

ರಾತ್ರಿ ಬಸ್ಸು
ಕೆಲಸದ ವಿಚಾರ ನಾನು ಹೇಳ್ತೇನೆ ಮಾವ. ಊರು ಬಂಟ್ವಾಳ, ಬೆಂಗಳೂರಿನ ಒಂದು ಬಯೋಫಾರ್ಮಾ ಕಂಪೆನಿಯಲ್ಲಿ ಕ್ವಾಲಿಟಿ ವಿಭಾಗ. ಕ್ಯಾನ್ಸರಿಗೆ ಕೊಡುವ ಪ್ರತಿಕಾಯ ಔಷಧಗಳು ಉಂಟಲ್ಲ, ಅವುಗಳ ಕಾಂಡದಲ್ಲಿ ಎರಡೂ ಬದಿ ಒಂದೊಂದು ಸಕ್ಕರೆ ಸರಪಳಿ. ಪ್ರೋಟೀನ್ ಸರಿ ಇದ್ದು ಸರಪಳಿ ಬದಲಾದರೂ ಔಷಧದ ಗುಣ ಬದಲಾಗುತ್ತದೆ. ಒಂದು ಫ್ಯೂಕೋಸ್ ಇಲ್ಲದಿದ್ದರೆ ಕ್ಯಾನ್ಸರ್ ಕೋಶವನ್ನು ಕೊಲ್ಲಿಸುವ ಶಕ್ತಿ ಹೆಚ್ಚಾಗುತ್ತದೆ. ಹಾಗಾಗಿ ಪ್ರತಿ ಬ್ಯಾಚಿನಲ್ಲೂ ಸರಪಳಿ ಬಿಡಿಸಿ, ಬಣ್ಣದ ಗುರುತು ಹಾಕಿ, ಯಾವುದರ ಪ್ರತಿರೂಪ ಮಾಡುತ್ತೇವೋ ಆ ಮೂಲ ಔಷಧದ ಜೊತೆ ತಾಳೆ ನೋಡಲೇಬೇಕು. ಬಯೋಕಾನ್ ಮತ್ತು ಮೈಲಾನ್ ಕಂಪೆನಿಗಳು ಸೇರಿ ಮಾಡಿದ ಇಂಥದೇ ಔಷಧ ಟ್ರಾಸ್ಟುಜುಮ್ಯಾಬ್‌ಗೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಸಿಕ್ಕಿದ ಮೇಲಂತೂ ಇಂಥ ಕೆಲಸ ಬಲ್ಲವರಿಗೆ ಒಳ್ಳೆ ಕೇಳಿಕೆ.

ಇಂಟರ್‌ವ್ಯೂಗೆ ಬರುವ ಮಕ್ಕಳನ್ನು ನೋಡ್ತೇನಲ್ಲ. ಪ್ರೋಟೀನ್ ಕೇಳಿದರೆ ಪಟಪಟ ಹೇಳ್ತಾರೆ. ಒಂದೊಂದು ಸಕ್ಕರೆಗೆ ಒಂದೊಂದು ಗುರುತು ಉಂಟು, ನೀಲಿ ಚೌಕ, ಹಸಿರು ವೃತ್ತ, ಕೆಂಪು ತ್ರಿಕೋನ ಬರೆದು ಇದು ಯಾವ ಸರಪಳಿ ಎಂದರೆ ರಂಗೋಲಿ ನೋಡಿದ ಹಾಗೆ ನೋಡ್ತಾರೆ. ಅವರ ತಪ್ಪಲ್ಲ. ನಮ್ಮ ಸಿಲಬಸ್ಸಿನಲ್ಲಿ ಕಾರ್ಬೋಹೈಡ್ರೇಟ್ ಎಂದರೆ ಮೊದಲ ಅಧ್ಯಾಯ, ಮೊಲಿಶ್ ಪರೀಕ್ಷೆಯ ನೇರಳೆ ಉಂಗುರ, ಬೆನೆಡಿಕ್ಟಿನ ಇಟ್ಟಿಗೆ ಬಣ್ಣ, ಶುಭಂ.

ಲೆಕ್ಚರರ್ ಕಮ್ ಕ್ಲರ್ಕ್
ಸಿಲಬಸ್ ಎಂದದ್ದಕ್ಕೆ ಬಂದೆ. ನಾನೂ ಅದೇ ನೇರಳೆ ಉಂಗುರ ತೋರಿಸಿ ಇಪ್ಪತ್ತೆರಡು ವರ್ಷ ಸಂಬಳ ತೆಗೆದುಕೊಂಡವನು. ನಮ್ಮಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರದ ಚಿತ್ರ ಉಂಟು, ಯಂತ್ರ ಇಲ್ಲ. ಆದರೆ ಎಲ್ಲದಕ್ಕೂ ಅಥೆನ್ಸ್ ಯಾಕೆ? ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಉಂಟು, ಧಾನ್ಯದ ಪಿಷ್ಟ, ನಾರಿನ ಮೇಲೆ ಎಷ್ಟೋ ದಶಕಗಳ ಕೆಲಸ. ಬೆಂಗಳೂರಿನ ವಿಜ್ಞಾನ ಅಕಾಡೆಮಿಯವರ ಬೇಸಿಗೆ ಫೆಲೋಶಿಪ್ ವಿದ್ಯಾರ್ಥಿಗಳಿಗೂ ಉಂಟು, ನನ್ನಂಥ ಮೇಷ್ಟ್ರುಗಳಿಗೂ ಉಂಟು, ಎರಡು ತಿಂಗಳು ಒಳ್ಳೆ ಲ್ಯಾಬಿನಲ್ಲಿ ಕೂರಬಹುದು. ಮೊದಲು ಇಲ್ಲಿ ಕೈ ಹದ ಆಗಲಿ.

ಗಾಜಿನ ಸಾಮಾನು
ಸರ್ ಹೇಳಿದ ಕ್ರಮವೇ ನನ್ನದೂ. ಮಾವ, ಆ ಕೆಲವೇ ದಿನದ ತರಬೇತಿ ಈಗಾಗಲೇ ಕೆಲಸದಲ್ಲಿ ಇದ್ದು, ಒಂದು ಕಡೆ ಸಿಕ್ಕಿಕೊಂಡವರಿಗೆ. ಶುಲ್ಕ ಉಂಟು, ವಿಮಾನದ ಖರ್ಚು ನಮ್ಮದೇ, ಕಂಪೆನಿ ಕಳಿಸಿದರೆ ಚಂದ. ಎಂ.ಎಸ್ಸಿ. ಮುಗಿಸಿದ ಹುಡುಗಿ ಸ್ವಂತ ಹಣ ಹಾಕಿ ಅದಕ್ಕೆ ಹೋಗುವುದು ಈಜು ಬಾರದೆ ಡೈವಿಂಗ್ ಕಲಿಯಲಿಕ್ಕೆ ಹೋದ ಹಾಗೆ. ಪಿಎಚ್.ಡಿ. ಬೇರೆ ಲೆಕ್ಕ. ಅಲ್ಲಿ ಸಾಮಾನ್ಯವಾಗಿ ಅಸಿಸ್ಟೆಂಟ್‌ಶಿಪ್ ಎಂದು ತಿಂಗಳ ಹಣ ಕೊಡುತ್ತಾರೆ, ಸಾಲ ಮಾಡುವ ಓದಲ್ಲ. ಸೇರುವುದು ಬಯೋಕೆಮಿಸ್ಟ್ರಿ, ಕೆಮಿಸ್ಟ್ರಿಯಂಥ ವಿಭಾಗದ ಮೂಲಕ, ಕೆಲಸ ಸೆಂಟರಿನ ಲ್ಯಾಬಿನಲ್ಲಿ. ಯಾವ ಪ್ರೊಫೆಸರ್ ಬಳಿ ಎಂದು ನೋಡಿಕೊಂಡು ಅವರಿಗೇ ಬರೆಯಲಿ. "ನಿಮ್ಮ ಸಂಶೋಧನೆ ಸ್ಫೂರ್ತಿ ನೀಡಿದೆ" ಎಂದು ಬರೆಯಬೇಡ ಎನ್ನಿ. ಕೈಯಾರೆ ಮಾಡಿದ ಒಂದು ಕೆಲಸ, ಅದರಲ್ಲಿ ಆದ ಒಂದು ತಪ್ಪು, ಇಷ್ಟು ಬರೆದರೆ ಓದುತ್ತಾರೆ.

ಮಲ್ಪೆ ಧಕ್ಕೆ
ತಡವಾಗಿ ಬಂದೆ. ಕೈಯಾರೆ ಮಾಡುವ ಕೆಲಸ ಬೇಕಾದರೆ ನನ್ನ ಹತ್ತಿರ ಉಂಟು. ನಮ್ಮದು ಸಿಗಡಿ ವ್ಯಾಪಾರ. ಸುಲಿದ ಸಿಪ್ಪೆ ರಾಶಿ ಬೀಳ್ತದೆ, ಎರಡನೇ ದಿನಕ್ಕೆ ಆ ಕಡೆ ಮುಖ ಹಾಕ್ಲಿಕ್ಕೆ ಆಗುವುದಿಲ್ಲ. ಅದರಲ್ಲಿ ಕೈಟಿನ್ ಎಂಬ ಸಕ್ಕರೆ ಸರಪಳಿ ಉಂಟು, ಅದನ್ನು ಕೈಟೋಸಾನ್ ಮಾಡಿದರೆ ಔಷಧದವರು, ನೀರು ಶುದ್ಧ ಮಾಡುವವರು ತೆಗೆದುಕೊಳ್ತಾರೆ ಎಂದು ಕೇಳಿ ತಮ್ಮನೂ ನಾನೂ ಕೈ ಹಾಕಿದೆವು. ಆಮ್ಲದಲ್ಲಿ ಸುಣ್ಣ ತೆಗೆದು, ಕಾಸ್ಟಿಕ್‌ನಲ್ಲಿ ಪ್ರೋಟೀನ್ ತೆಗೆದು, ಮತ್ತೆ ಗಟ್ಟಿ ಕಾಸ್ಟಿಕ್‌ನಲ್ಲಿ ಬೇಯಿಸಿದೆವು. ಬಿಳಿ ಅವಲಕ್ಕಿ ಹಾಗೆ ಬಂತು, ನೋಡ್ಲಿಕ್ಕೆ ಚಂದ.

ಗಿರಾಕಿ ಕೇಳಿದ್ದು ಡಿಡಿ ಎಷ್ಟು ಎಂದು. ನಾನು ಬ್ಯಾಂಕಿನ ಡಿಡಿ ಎಂದುಕೊಂಡೆ. ಡೀಅಸಿಟೈಲೇಶನ್ ಶೇಕಡಾ ಅಂತೆ, ಕೈಟಿನ್ ಎಷ್ಟರ ಮಟ್ಟಿಗೆ ಕೈಟೋಸಾನ್ ಆಯಿತು ಎಂಬ ಲೆಕ್ಕ. ಒಂದೇ ಚೀಲದ ಮಾಲು ಎರಡು ಲ್ಯಾಬಿಗೆ ಕಳಿಸಿದೆ. ಒಬ್ಬರು 78 ಎಂದರು, ಇನ್ನೊಬ್ಬರು 89. ಗಿರಾಕಿ ನನ್ನನ್ನೇ ಕಳ್ಳ ಎಂದ. ಮೂರು ಚೀಲ ಈಗಲೂ ಅಟ್ಟದಲ್ಲಿ ಉಂಟು.

ಗಾಜಿನ ಸಾಮಾನು
ನೀವು ಕಳ್ಳ ಅಲ್ಲ ಅಣ್ಣ. ಆ ಎರಡು ಲ್ಯಾಬು ಅಳೆದ ವಿಧಾನ ಬೇರೆ ಇದ್ದಿರಬೇಕು. ಇನ್‌ಫ್ರಾರೆಡ್ಡಿನಲ್ಲಿ ನೋಡಿದರೆ ಬುಡದ ಗೆರೆ ಎಲ್ಲಿ ಎಳೆದರು ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಟೈಟ್ರೇಶನ್ ಮಾಡಿದರೆ ಮಾಲಿನ ಪಸೆ, ಬೂದಿ ಎರಡೂ ಮೋಸ ಮಾಡುತ್ತವೆ. ಮಲ್ಪೆಯ ಗಾಳಿಯಲ್ಲಿ ಕೈಟೋಸಾನ್ ನೀರು ಕುಡಿಯದೆ ಇರುತ್ತದಾ? ಎನ್‌ಎಂಆರ್ ಎಂಬ ಯಂತ್ರದಲ್ಲಿ ನೋಡಿಸಿ, ವರದಿಯಲ್ಲಿ ವಿಧಾನದ ಹೆಸರು ಬರೆಸಿ. ಇನ್ನೊಂದು, ಸ್ನಿಗ್ಧತೆಯೂ ಕೇಳುತ್ತಾರೆ, ಕಾಸ್ಟಿಕ್‌ನಲ್ಲಿ ಹೆಚ್ಚು ಹೊತ್ತು ಬೇಯಿಸಿದರೆ ಡಿಡಿ ಏರುತ್ತದೆ, ಸರಪಳಿ ತುಂಡಾಗಿ ಸ್ನಿಗ್ಧತೆ ಇಳಿಯುತ್ತದೆ. ಕೊಚ್ಚಿಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿಯವರು ಇದರಲ್ಲಿ ಪಳಗಿದವರು, ಒಮ್ಮೆ ಹೋಗಿ ಬನ್ನಿ. ಕಾಸ್ಟಿಕ್ ನೀರನ್ನು ಎಲ್ಲಿಗೆ ಬಿಟ್ಟಿರಿ ಎಂದು ಕೇಳುವುದಿಲ್ಲ.

ಮಲ್ಪೆ ಧಕ್ಕೆ
ಕೇಳಬೇಡಿ.

ಅಂಬಲಪಾಡಿ ಮಾವ
ಇಡೀ ಚರ್ಚೆಯನ್ನು ಹುಡುಗಿಗೆ ಕಳಿಸಿದ್ದೆ. ರಾತ್ರಿ ಫೋನ್ ಮಾಡಿದಳು. ಅಥೆನ್ಸಿಗೆ ಈ ವರ್ಷ ಅರ್ಜಿ ಹಾಕುವುದಿಲ್ಲವಂತೆ, ಮುಂದಿನ ವರ್ಷಕ್ಕೆ. ಅಷ್ಟರಲ್ಲಿ ಬೇಸಿಗೆ ಫೆಲೋಶಿಪ್ಪಿಗೆ ಪ್ರಯತ್ನ ಮಾಡ್ತಾಳೆ. ಅವಳ ಕಾಲೇಜಿನ ಪ್ರಾಜೆಕ್ಟಿಗೆ ವಿಷಯ ಇನ್ನೂ ಗಟ್ಟಿ ಆಗಿರಲಿಲ್ಲ. ಮಲ್ಪೆಯವರೇ, ನಿಮ್ಮ ಅಟ್ಟದ ಚೀಲದಲ್ಲಿ ಸ್ವಲ್ಪ ಸಿಗಬಹುದಾ ಎಂದು ಕೇಳ್ತಾಳೆ. ಒಂದೇ ಮಾಲನ್ನು ಮೂರು ವಿಧಾನದಲ್ಲಿ ಅಳೆದು, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಯಾಕೆ ತಾಳೆ ಆಗುವುದಿಲ್ಲ ಎಂದು ನೋಡ್ತಾಳಂತೆ.

ಗಾಜಿನ ಸಾಮಾನು
ನಾನು ಇದ್ದೇನೆ ಎನ್ನಿ. ಹರಳಿನ ಬಾಟಲಿಯ ಮುಚ್ಚಳ ಭದ್ರ ಮಾಡಲಿಕ್ಕೆ ಮೊದಲು ಕಲಿಸುತ್ತೇನೆ.

ಮಲ್ಪೆ ಧಕ್ಕೆ
ಸ್ವಲ್ಪ ಯಾಕೆ, ಒಂದು ಚೀಲ ಇಡೀ ತೆಗೆದುಕೊಂಡು ಹೋಗಲಿ. ಶನಿವಾರ ಬನ್ನಿ ಮಾವ, ಮಧ್ಯಾಹ್ನದ ಮೇಲೆ, ಬೆಳಿಗ್ಗೆ ಹರಾಜು ಇರ್ತದೆ. ಗಟ್ಟಿ ಮುಚ್ಚಳದ ಡಬ್ಬಿ ನೀವೇ ತನ್ನಿ. ಕಾರಿನಲ್ಲಿ ಬರುವುದಾದರೆ ಕಿಟಕಿ ತೆರೆದಿಡಿ, ಸಿಪ್ಪೆಯ ಮಾಲಿಗೆ ವಾಸನೆ ಇಲ್ಲ, ಆದರೆ ನನ್ನ ಅಟ್ಟಕ್ಕೆ ಉಂಟು.